ಸದ್ಯೋಜಾತ ಶಿಶುವಿನ ಪ್ರಥಮ ಸ್ತನ್ಯ: ಜೈನ ಗ್ರಂಥಗಳ ಸಾಕ್ಷ್ಯ

ಹುಟ್ಟಿದ ಕೂಸಿಗೆ ತಾಯಿ ಯಾವಾಗ ಮೊಲೆಯೂಡಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಗ್ರಂಥಸಂಪಾದನಶಾಸ್ತ್ರದ ವ್ಯಾಪ್ತಿಗೆ ಸೇರಿದುದೆಂದು ತೋರುವುದಿಲ್ಲ. ಅದು ಸೂತಿಕಾಗೃಹಕ್ಕೆ, ಮನೆಯ ಹಿರಿಯ ಹೆಂಗಸರಿಗೆ, ವೈದ್ಯರಿಗೆ ಸೇರಿದ ವಿಷಯ. ಆದರೆ ಹೆರಿಗೆಯಾದ ಮೊದಲ ಎರಡು ಮೂರು ದಿನ ತಾಯಿಯ ಹಾಲನ್ನು ಮಗುವಿಗೆ ಕೊಡದೆ ಹಿಂಡಿ ಚೆಲ್ಲುವ, ಅದಕ್ಕೆ ಬದಲಾಗಿ ಜೇನನ್ನೋ ಸಕ್ಕರೆಯ ನೀರನ್ನೋ ಹರಳೆಣ್ಣೆಯನ್ನೋ ನೆಕ್ಕಿಸುವ ರೂಢಿ ನಮ್ಮ ದೇಶದ ಅನೇಕ ಕಡೆಗಳಲ್ಲಿ ಬಹುಕಾಲದಿಂದ ಬಂದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಜನಿಸಿದ ಒಂದು ಗಂಟೆಯೊಳಗೆ ಮೊಲೆಹಾಲು ಪಡೆದ ಮಕ್ಕಳು ಶೇಕಡ 41.8 ಮಾತ್ರ. ಈ ತಡಕ್ಕೆ ಕಾರಣಗಳು ಹಲವು. ಅವುಗಳಲ್ಲಿ 'ಶಾಸ್ತ್ರದಲ್ಲಿ ಹಾಗಿದೆ' ಎಂಬ ಸಮರ್ಥನೆಯೂ ಒಂದು. ಶಾಸ್ತ್ರದಲ್ಲಿದೆ ಎಂಬ ಮಾತು ಬಂದೊಡನೆ ವಿಷಯವು ಗ್ರಂಥವನ್ನು ಓದುವವರ ಅಂಗಳಕ್ಕೆ ಬಂದು ನಿಲ್ಲುತ್ತದೆ. ಯಾವ ಶಾಸ್ತ್ರ, ಯಾವ ಸ್ಥಳ, ಯಾವ ಪದ, ಆ ಪದಕ್ಕೆ ಯಾವ ಅರ್ಥ ಎಂಬುದನ್ನು ನೋಡದೆ ಆ ಮಾತನ್ನು ಒಪ್ಪುವುದಾಗಲಿ ತಳ್ಳುವುದಾಗಲಿ ಉಚಿತವಲ್ಲ. ಜೈನ ಆಗಮ, ಪುರಾಣ, ವೈದ್ಯಗ್ರಂಥಗಳಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಉಲ್ಲೇಖಗಳು ಚೆದುರಿ ಬಿದ್ದಿವೆ. ಅವುಗಳಲ್ಲಿ ಮುಖ್ಯವಾದವನ್ನು ಇಲ್ಲಿ ಒಂದೆಡೆ ಇಟ್ಟು ಪರಿಶೀಲಿಸಲಾಗಿದೆ.

ಮೊದಲು ಸಾಮಾನ್ಯ ವೈದ್ಯಪರಂಪರೆಯನ್ನು ನೋಡಬೇಕು. ಜೈನ ಗ್ರಂಥಕಾರರು ಎದುರಿನಲ್ಲಿಟ್ಟುಕೊಂಡದ್ದು ಅದನ್ನೇ. ಚರಕಸಂಹಿತೆ ಮತ್ತು ಸುಶ್ರುತಸಂಹಿತೆಗಳು ಈ ವಿಷಯದಲ್ಲಿ ಒಂದೇ ಮಾತನ್ನು ಹೇಳುವುದಿಲ್ಲ ಎಂಬುದು ಹಲವರ ಲಕ್ಷ್ಯಕ್ಕೆ ಬಾರದೆ ಹೋಗಿದೆ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಜಾತಕರ್ಮದ ಕ್ರಮವಿದೆ. ಮಂತ್ರಪೂತವಾದ ಜೇನುತುಪ್ಪಗಳನ್ನು ನೆಕ್ಕಿಸಿ, ಅದಾದ ಮೇಲೆ ಅದೇ ವಿಧಿಯಿಂದ ಮೊದಲು ಬಲದ ಮೊಲೆಯನ್ನು ಶಿಶುವಿಗೆ ಕೊಡಬೇಕು ಎಂಬುದು ಅಲ್ಲಿನ ವಿಧಾನ. ನಡುವೆ ದಿನಗಳ ಅಂತರವನ್ನು ಚರಕ ಹೇಳುವುದಿಲ್ಲ. ಸುಶ್ರುತನ ಕ್ರಮ ಬೇರೆ. ಶಾರೀರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ, ಹೃದಯದಲ್ಲಿರುವ ಧಮನಿಗಳು ಪ್ರಸವಾನಂತರ ತೆರೆದುಕೊಂಡು ಮೂರು ಅಥವಾ ನಾಲ್ಕು ರಾತ್ರಿಗಳ ಮೇಲೆ ಹೆಂಗಸರಿಗೆ ಸ್ತನ್ಯವು ಪ್ರವರ್ತಿಸುತ್ತದೆಂದು ಆತ ಹೇಳುತ್ತಾನೆ. ಆದ್ದರಿಂದ ಮೊದಲ ದಿನ ಅನಂತಾಮಿಶ್ರಿತವಾದ ಜೇನುತುಪ್ಪ, ಎರಡನೆಯ ಮತ್ತು ಮೂರನೆಯ ದಿನ ಲಕ್ಷ್ಮಣಾ ಎಂಬ ಮೂಲಿಕೆಯಿಂದ ಸಿದ್ಧಪಡಿಸಿದ ತುಪ್ಪ. ಅನಂತರವೇ ಮೊಲೆ.

ವಾಗ್ಭಟನ ಅಷ್ಟಾಂಗಹೃದಯವು ಉತ್ತರಸ್ಥಾನದ ಮೊದಲ ಅಧ್ಯಾಯದಲ್ಲಿ ಸುಶ್ರುತನನ್ನೇ ಅನುಸರಿಸುತ್ತದೆ. ಅಲ್ಲಿಯ ಒಂದು ಅವ್ಯಯ ಇಡೀ ವಿವಾದಕ್ಕೆ ಕೀಲಿಯಂತಿದೆ. ಮೂರನೆಯ ಅಥವಾ ನಾಲ್ಕನೆಯ ದಿನ ಹಾಲು ಬರುತ್ತದೆ ಎಂದು ಹೇಳಿದ ಮೇಲೆ ಆತ 'ತಸ್ಮಾತ್' ಎಂದು ಪ್ರಾರಂಭಿಸಿ ಜೇನುತುಪ್ಪಗಳ ವಿಧಿಯನ್ನು ಹೇಳುತ್ತಾನೆ. ಹಾಲು ಬಂದಿಲ್ಲವಾದ ಕಾರಣ ಬೇರೆ ಏರ್ಪಾಡು ಎಂಬುದು ತಾತ್ಪರ್ಯ. ಮೊದಲ ಹಾಲು ಕೆಟ್ಟದ್ದು, ವಿಷಪ್ರಾಯವಾದುದು, ಚೆಲ್ಲತಕ್ಕದ್ದು ಎಂಬ ಮಾತು ಈ ಸ್ಥಳದಲ್ಲಿ ಎಲ್ಲಿಯೂ ಇಲ್ಲ. ಹಾಗೆಂದು ವಿಷಯ ಪೂರ್ತಿ ತಿಳಿಯಾಗಿದೆಯೆಂದೂ ಹೇಳಲಾಗದು. ಮುಂದಿನ ವಾಕ್ಯದಲ್ಲಿಯೇ ಶಿಶುವಿಗೆ ಸುಶ್ರುತನು 'ಪ್ರಾಙ್ನಿವಾರಿತಸ್ತನ್ಯ' ಎಂದೂ ವಾಗ್ಭಟನು 'ಪ್ರಾಙ್ನಿಷಿದ್ಧಸ್ತನ' ಎಂದೂ ವಿಶೇಷಣ ಕೊಡುತ್ತಾರೆ. ಮೊದಲು ತಡೆಯಲ್ಪಟ್ಟಿತ್ತು ಎಂದಾದರೆ ತಡೆಯಲು ಏನಾದರೂ ಇದ್ದಿರಬೇಕಷ್ಟೆ. ಇಲ್ಲದ ಹಾಲನ್ನು ನಿಷೇಧಿಸುವುದು ಹೇಗೆ? ಹೀಗೆ ಒಂದೇ ಪ್ರಕರಣದಲ್ಲಿ ಹೇತುವಾಕ್ಯವು ಒಂದು ಕಡೆಗೂ ವಿಶೇಷಣವು ಇನ್ನೊಂದು ಕಡೆಗೂ ಎಳೆಯುತ್ತವೆ. ಹೇತುವನ್ನು ಸ್ಪಷ್ಟವಾಗಿ ಹೇಳಿರುವಾಗ ವಿಶೇಷಣವನ್ನು ಅದಕ್ಕೆ ಅನುಗುಣವಾಗಿ ಅರ್ಥೈಸುವುದೇ ಮೀಮಾಂಸೆಗೆ ಒಪ್ಪುವ ಕ್ರಮ. ಆದರೂ ಆಗಲೇ ಒಂದು ರೂಢಿ ಇತ್ತೆಂಬುದಕ್ಕೆ ಆ ವಿಶೇಷಣ ಸಾಕ್ಷಿಯಾಗಿ ಉಳಿಯುತ್ತದೆ.

ಹಿಂಡಿ ಚೆಲ್ಲುವ ರೂಢಿಗೆ ಆಧಾರವೆಂದು ತೋರಿಸಲಾಗುವ ಇನ್ನೊಂದು ಸ್ಥಳವೂ ಸುಶ್ರುತನದೇ. ಮೊಲೆಯನ್ನು ತೊಳೆದು, ಸ್ವಲ್ಪ ಹಾಲನ್ನು ಸುರಿಸಿ, ಬಳಿಕ ಮಗುವಿಗೆ ಕೊಡಬೇಕೆಂದು ಆತ ವಿಧಿಸುತ್ತಾನೆ. ಆದರೆ ಕಾರಣವನ್ನೂ ಅವನೇ ಹೇಳಿದ್ದಾನೆ. ಹಾಲು ತುಂಬಿ ಬಿಗಿದ ಮೊಲೆಯನ್ನು ಹಾಗೆಯೇ ಕೊಟ್ಟರೆ ಹಾಲು ಒಮ್ಮೆಗೇ ನುಗ್ಗಿ ಶಿಶುವಿಗೆ ಕೆಮ್ಮು, ಉಬ್ಬಸ, ವಾಂತಿಗಳಾಗುತ್ತವೆ. ಇದು ಹರಿವಿನ ರಭಸಕ್ಕೆ ಸಂಬಂಧಿಸಿದ ಎಚ್ಚರಿಕೆ, ಹಾಲಿನ ದೋಷಕ್ಕೆ ಸಂಬಂಧಿಸಿದುದಲ್ಲ. ನಾಲ್ಕು ಹನಿಯ ವಿಧಿಯನ್ನು ನಾಲ್ಕು ದಿನದ ವಿಧಿಯಾಗಿ ಹಿಗ್ಗಿಸಿದ್ದು ಗ್ರಂಥವಲ್ಲ, ಜನರು.

ಮೊದಲ ಹಾಲಿಗೆ ಸಂಸ್ಕೃತದಲ್ಲಿ 'ಪೀಯೂಷ' ಎಂಬ ಹೆಸರಿದೆ. ಅಮರಕೋಶದಲ್ಲಿ ಈ ಶಬ್ದ ಎರಡು ಕಡೆ ಬರುತ್ತದೆ. ಸ್ವರ್ಗವರ್ಗದಲ್ಲಿ ಅಮೃತದ ಪರ್ಯಾಯವಾಗಿ, ವೈಶ್ಯವರ್ಗದಲ್ಲಿ ಹೊಸ ಹಾಲು ಎಂಬ ಅರ್ಥದಲ್ಲಿ. ಕನ್ನಡದ 'ಗಿಣ್ಣು' ಈ ಎರಡನೆಯ ಅರ್ಥಕ್ಕೆ ಸಮ. ಈದ ಹಸುವಿನ ಗಿಣ್ಣನ್ನು ಆಸೆಯಿಂದ ಕಾಯಿಸಿ ನೆರೆಹೊರೆಗೂ ಹಂಚುವ ಮನೆಯಲ್ಲಿಯೇ ಬಾಣಂತಿಯ ಗಿಣ್ಣನ್ನು ಕೂಸಿಗೆ ಕೊಡದೆ ಚೆಲ್ಲುವುದು ವಿಚಿತ್ರವಾದರೂ ನಿಜ. ಇಂದಿನ ವೈದ್ಯವಿಜ್ಞಾನದ ಪ್ರಕಾರ ಹಳದಿ ಬಣ್ಣದ ಈ ಗಟ್ಟಿ ದ್ರವವು ಹೆರಿಗೆಯಾದೊಡನೆಯೇ ತಾಯಿಯಲ್ಲಿ ಇರುತ್ತದೆ, ಪ್ರಮಾಣ ಮಾತ್ರ ಅತ್ಯಲ್ಪ. ಸದ್ಯೋಜಾತನ ಹೊಟ್ಟೆಯ ಗಾತ್ರವೂ ಅಷ್ಟೇ ಚಿಕ್ಕದು. ರೋಗಾಣುಗಳನ್ನು ಕರುಳಿನ ಒಳಪೊರೆಯಲ್ಲಿಯೇ ತಡೆಯುವ ಇಮ್ಯುನೊಗ್ಲಾಬ್ಯುಲಿನ್ ಎ ಎಂಬ ರಕ್ಷಕದ್ರವ್ಯ ಅದರಲ್ಲಿ ಹೇರಳವಾಗಿದೆ. ಹಾಲು ತುಂಬಿ ಹರಿಯುವುದು ಸಾಮಾನ್ಯವಾಗಿ 30ರಿಂದ 72 ಗಂಟೆಗಳೊಳಗೆ. ಸುಶ್ರುತನ ಮೂರು ರಾತ್ರಿಗಳ ಲೆಕ್ಕ ಈ ತುಂಬು ಹರಿವಿನ ಮಟ್ಟಿಗೆ ಬಹುಮಟ್ಟಿಗೆ ಸರಿಯಾಗಿದೆ. ಆತ ಗಣನೆಗೆ ತಾರದೆ ಬಿಟ್ಟದ್ದು ಅದಕ್ಕೆ ಮುಂಚಿನ ಕೆಲವೇ ಹನಿಗಳನ್ನು. ಒಂದು ಗಂಟೆಯೊಳಗೆ ಮೊಲೆಗೆ ಹಚ್ಚಬೇಕು, ಆರು ತಿಂಗಳವರೆಗೆ ತಾಯಿಯ ಹಾಲಲ್ಲದೆ ಬೇರೇನನ್ನೂ ಕೊಡಬಾರದು, ಅನಂತರ ಇತರ ಆಹಾರದೊಡನೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮೊಲೆಯೂಡಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಈ ಹಿನ್ನೆಲೆಯಲ್ಲಿ ಜಿನಸೇನಾಚಾರ್ಯರ ಆದಿಪುರಾಣದ ಸಾಕ್ಷ್ಯವನ್ನು ನೋಡಬೇಕು. ರಾಷ್ಟ್ರಕೂಟ ಅಮೋಘವರ್ಷನ ಗುರುಗಳೆಂದು ಪ್ರಸಿದ್ಧರಾದ, ಕ್ರಿ. ಶ. ಒಂಬತ್ತನೆಯ ಶತಮಾನದ ಈ ಆಚಾರ್ಯರು ಮೂವತ್ತೆಂಟನೆಯ ಪರ್ವದಲ್ಲಿ ಗರ್ಭಾನ್ವಯ ಕ್ರಿಯೆಗಳು ಐವತ್ತಮೂರನ್ನು ನಿರೂಪಿಸುತ್ತಾರೆ. ಅವುಗಳಲ್ಲಿ ಮಗು ಹುಟ್ಟಿದಾಗ ಮಾಡುವ ಕ್ರಿಯೆಗೆ 'ಪ್ರಿಯೋದ್ಭವ' ಎಂದು ಹೆಸರು. ಅಲ್ಲಿ ಅದರ ವಿವರ ಅತ್ಯಲ್ಪ, ಹೆಚ್ಚಿನದನ್ನು ಮೂಲವಾದ ಉಪಾಸಕಸೂತ್ರದಿಂದ ತಿಳಿಯಬೇಕೆಂಬ ಸೂಚನೆಯಿದೆ. ನಲವತ್ತನೆಯ ಪರ್ವದ ಮಂತ್ರಭಾಗದಲ್ಲಿ ಮಾತ್ರ ಕ್ರಮವು ಸವಿಸ್ತರವಾಗಿ ಬಂದಿದೆ. ನಾಭಿನಾಳವನ್ನು ಕೊಯ್ಯುವುದು, ಚೂರ್ಣ ಲೇಪಿಸಿ ಗಂಧೋದಕದಿಂದ ಮೀಯಿಸುವುದು, ಅಕ್ಷತೆಯಿಂದ ಹರಸುವುದು ಎಂದು ಒಂದೊಂದಕ್ಕೂ ಒಂದೊಂದು ಹರಕೆಯ ಮಾತು. ಇವುಗಳ ಮುಂದಣ ಎರಡು ಹೆಜ್ಜೆಗಳು ಪ್ರಕೃತಕ್ಕೆ ಮುಖ್ಯವಾದವು. ಔಷಧದಿಂದ ಸಿದ್ಧಪಡಿಸಿದ ತುಪ್ಪವನ್ನು ತಕ್ಕ ಪ್ರಮಾಣದಲ್ಲಿ ಶಿಶುವಿನ ಬಾಯಿಗೂ ಮೂಗಿಗೂ ಹಾಕಬೇಕು, ಆಗ ಹೇಳುವ ಮಂತ್ರದ ಆಶಯ ಕರ್ಮಮಲವೆಲ್ಲ ನಾಶವಾಗಲಿ ಎಂಬುದು. ಆ ಮೇಲೆ, ವಿಶ್ವೇಶ್ವರಿಯ ಸ್ತನ್ಯಕ್ಕೆ ನೀನು ಭಾಗಿಯಾಗು ಎಂಬರ್ಥದ ಮಂತ್ರದಿಂದ ತಾಯಿಯ ಸ್ತನವನ್ನು ಅಭಿಮಂತ್ರಿಸಿ ಅದನ್ನು ಮಗುವಿನ ಬಾಯಿಗೆ ಹಚ್ಚಬೇಕು. ವಿಶ್ವೇಶ್ವರಿ ಎಂದರೆ ಇಲ್ಲಿ ಜಿನಮಾತೆ.

ಇಲ್ಲಿ ಎರಡು ಅಂಶಗಳು ವಿಚಾರಾರ್ಹವಾಗಿವೆ. ಮೊದಲನೆಯದು ಕಾಲ. ತುಪ್ಪದ ವಿಧಿಗೂ ಮೊಲೆಯ ವಿಧಿಗೂ ನಡುವೆ ದಿನಗಳ ವ್ಯವಧಾನವಿಲ್ಲ, 'ತತಃ' ಎಂಬ ಒಂದೇ ಮಾತು ಇದೆ. ಮೂರನೆಯ ದಿನಕ್ಕೆ ಜಿನಸೇನರು ಬೇರೆಯೇ ಕ್ರಿಯೆಯೊಂದನ್ನು ಹೇಳಿದ್ದಾರೆ. ಅಂದು ರಾತ್ರಿ ಮಗುವನ್ನು ಎತ್ತಿಹಿಡಿದು, ಅನಂತಜ್ಞಾನವನ್ನು ಕಾಣುವವನಾಗು ಎಂದು ಹರಸಿ, ನಕ್ಷತ್ರಗಳು ತುಂಬಿದ ಆಕಾಶವನ್ನು ತೋರಿಸಬೇಕು. ದಿನಗಳನ್ನು ಎಣಿಸಿ ಹೇಳಬೇಕಾದಲ್ಲಿ ಅವರು ಎಣಿಸಿಯೇ ಹೇಳುತ್ತಾರೆ ಎಂಬುದಕ್ಕೆ ಇದು ನಿದರ್ಶನ. ಆದುದರಿಂದ ಮೊಲೆಯೂಡುವ ವಿಧಿಗೆ ದಿನವನ್ನು ಹೇಳದಿರುವುದನ್ನು ಮರೆವು ಎನ್ನಲಾಗದು. ಅದು ಜನ್ಮದಿನದ ಕ್ರಿಯೆಯೆಂದೇ ತಿಳಿಯತಕ್ಕದ್ದು. ಕ್ರಮದ ದೃಷ್ಟಿಯಿಂದ ಆದಿಪುರಾಣ ಚರಕನ ಪಕ್ಷದಲ್ಲಿದೆ, ಸುಶ್ರುತನ ಪಕ್ಷದಲ್ಲಿಲ್ಲ.

ಎರಡನೆಯದು ಜೇನಿನ ಅನುಪಸ್ಥಿತಿ. ಮನುಸ್ಮೃತಿಯ ಜಾತಕರ್ಮದಲ್ಲಿ ಚಿನ್ನ, ಜೇನು, ತುಪ್ಪಗಳ ಪ್ರಾಶನವಿದೆ, ಗೃಹ್ಯಸೂತ್ರಗಳಲ್ಲಿಯೂ ಹೀಗೆಯೇ. ಚರಕ, ಸುಶ್ರುತ, ವಾಗ್ಭಟರೆಲ್ಲರಲ್ಲೂ ಜೇನಿದೆ. ಆದಿಪುರಾಣದಲ್ಲಿ ತುಪ್ಪ ಮಾತ್ರ ಉಳಿದಿದೆ. ಶ್ರಾವಕನ ಮೂಲಗುಣಗಳಲ್ಲಿ ಮದ್ಯಮಾಂಸಗಳೊಡನೆ ಮಧುವಿನ ತ್ಯಾಗವನ್ನೂ ಸಮಂತಭದ್ರರ ರತ್ನಕರಂಡಕ ಹೇಳಿರುವುದನ್ನು ಬಲ್ಲವರಿಗೆ ಕಾರಣವನ್ನು ಹುಡುಕಬೇಕಾಗಿಲ್ಲ. ಜೇನನ್ನು ಬಿಟ್ಟಿದ್ದೇನೆಂದು ಜಿನಸೇನರು ಬಾಯಿಬಿಟ್ಟು ಹೇಳಿಲ್ಲ. ಬಿಟ್ಟಿದ್ದಾರೆ, ಅಷ್ಟೆ. ಹಿಂಸೆಯ ಕಾರಣದಿಂದ ಆದ ಈ ತ್ಯಾಗಕ್ಕೆ ಇನ್ನೊಂದು ಪ್ರಯೋಜನವಿದ್ದುದು ಬಹುಕಾಲದ ಮೇಲೆ ತಿಳಿಯಿತು. ಜೇನಿನಲ್ಲಿ ಕೆಲವೊಮ್ಮೆ ಇರುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಸೂಕ್ಷ್ಮಜೀವಿಯ ಬೀಜಕಗಳು ಹಸುಳೆಯ ಕರುಳಿನಲ್ಲಿ ಮೊಳೆತು ಅಂಗಾಂಗಗಳನ್ನು ಸಡಿಲಗೊಳಿಸುವ ವಿಷವನ್ನುಂಟುಮಾಡಬಲ್ಲವು. ಈ ಶಿಶುರೋಗ ಪ್ರತ್ಯೇಕವಾಗಿ ಗುರುತಿಸಲ್ಪಟ್ಟದ್ದು 1976ರಲ್ಲಿ. ವರ್ಷ ತುಂಬದ ಮಕ್ಕಳಿಗೆ ಜೇನು ಕೊಡಕೂಡದೆಂಬುದು ಇಂದು ವೈದ್ಯರ ಸರ್ವಸಮ್ಮತ ಅಭಿಪ್ರಾಯ. ಇದನ್ನು ಹೇಳಿ ಪೂರ್ವಾಚಾರ್ಯರಿಗೆ ಸೂಕ್ಷ್ಮಜೀವಿಶಾಸ್ತ್ರ ತಿಳಿದಿತ್ತೆಂದು ಸಾರುವುದು ಹಾಸ್ಯಾಸ್ಪದವಾಗುತ್ತದೆ, ಅದರ ಅಗತ್ಯವೂ ಅವರಿಗಿಲ್ಲ. ಆದಿಪುರಾಣದ ತುಪ್ಪವೂ ಇಂದಿನ ವೈದ್ಯರಿಗೆ ಸಮ್ಮತವಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಮೂಗಿಗೆ ತುಪ್ಪ ಹಾಕುವುದಂತೂ ಅಪಾಯಕರ. ಇಲ್ಲಿ ಸಾಧ್ಯವಾಗುವುದು ಇಷ್ಟೇ: ಮೊದಲ ದಿನದ ಸ್ತನ್ಯವನ್ನು ತಡೆಯಲು ಜೈನ ಕ್ರಿಯಾಶಾಸ್ತ್ರವನ್ನು ಆಧಾರವಾಗಿ ತೋರಿಸುವವರಿಗೆ ಆದಿಪುರಾಣದಲ್ಲಿ ಆಧಾರವಿಲ್ಲ.

ತೀರ್ಥಂಕರರ ವಿಷಯ ಪ್ರತ್ಯೇಕವಾದುದು. ಹೇಮಚಂದ್ರಾಚಾರ್ಯರ ತ್ರಿಷಷ್ಟಿಶಲಾಕಾಪುರುಷಚರಿತದ ಪ್ರಕಾರ ಅರ್ಹಂತರು ಶೈಶವದಲ್ಲಿ ಮೊಲೆಯುಣ್ಣುವುದಿಲ್ಲ. ಇಂದ್ರನು ಅವರ ಹೆಬ್ಬೆರಳಿನಲ್ಲಿ ಅಮೃತವನ್ನಿಡುತ್ತಾನೆ, ಹಸಿವಾದಾಗ ಅದನ್ನು ಚೀಪುತ್ತಾರೆ. ಆದಿಪುರಾಣದ ಹದಿನಾಲ್ಕನೆಯ ಪರ್ವದಲ್ಲಿ ಇಂದ್ರನು ಬಾಲವೃಷಭನಿಗಾಗಿ ದೇವಿಯರನ್ನೇ ಧಾತ್ರಿಯರನ್ನಾಗಿ ನಿಯೋಜಿಸುತ್ತಾನೆ. ಅವರ ಕಾರ್ಯಗಳನ್ನು ಎಣಿಸುವಾಗ ಮಜ್ಜನ, ಮಂಡನ, ಸಂಸ್ಕಾರ, ಕ್ರೀಡನಗಳೊಡನೆ 'ಸ್ತನ್ಯ'ವೂ ಬಂದಿದೆ. ಎರಡು ಸಂಪ್ರದಾಯಗಳ ನಡುವಣ ಈ ವ್ಯತ್ಯಾಸ ಚಿಕ್ಕದಾದರೂ ಗಮನಾರ್ಹ. ಐವರು ಧಾತ್ರಿಯರ ಕಲ್ಪನೆ ಪುರಾಣಕಾರರ ಸೃಷ್ಟಿಯೂ ಅಲ್ಲ. ಜ್ಞಾತಾಧರ್ಮಕಥಾದ ಮೊದಲ ಅಧ್ಯಯನದಲ್ಲಿ ಮೇಘಕುಮಾರನ ಸುತ್ತ ಕ್ಷೀರ, ಮಂಡನ, ಮಜ್ಜನ, ಕ್ರೀಡನ, ಅಂಕ ಎಂಬ ಐದು ಬಗೆಯ ಧಾತ್ರಿಯರಿದ್ದಾರೆ. ಅವರಲ್ಲಿ ಕ್ಷೀರಧಾತ್ರಿಯೇ ಮೊದಲಿಗಳು. ಈ ಧಾತ್ರೀಶಬ್ದವೇ ಕನ್ನಡದಲ್ಲಿ 'ದಾದಿ'ಯಾಗಿ, ಈಗ ಆಸ್ಪತ್ರೆಯ ಶುಶ್ರೂಷಕಿಯನ್ನು ಹೇಳುವ ಮಾತಾಗಿದೆ. ಹಾಲೂಡುವ ಅರ್ಥ ಕಳಚಿಹೋದರೂ ಆರೈಕೆಯ ಅರ್ಥ ಉಳಿಯಿತು.

ಶಿಶುವಿನ ಸ್ತನ್ಯಪಾನದ ಬಗ್ಗೆ ಜೈನ ವಾಙ್ಮಯದಲ್ಲಿ ದೊರೆಯುವ ಅತ್ಯಂತ ಮಹತ್ತ್ವದ ಉಲ್ಲೇಖ ವೈದ್ಯದಲ್ಲಿಲ್ಲ, ಪುರಾಣದಲ್ಲಿಯೂ ಇಲ್ಲ. ಅದು ಮುನಿಗಳ ಭಿಕ್ಷಾನಿಯಮದಲ್ಲಿದೆ. ದಶವೈಕಾಲಿಕಸೂತ್ರದ ಐದನೆಯ ಅಧ್ಯಯನದ ಮೊದಲ ಉದ್ದೇಶಕದಲ್ಲಿ, ತುಂಬು ಗರ್ಭಿಣಿಯು ಎದ್ದು ಅಥವಾ ಕುಳಿತು ಶ್ರಮಪಟ್ಟು ನೀಡುವ ಆಹಾರವನ್ನು ಭಿಕ್ಷುವು ಒಲ್ಲೆನೆನ್ನಬೇಕು ಎಂಬ ನಿಯಮವಿದೆ. ಅದಕ್ಕೆ ಹೊಂದಿಕೊಂಡಂತೆಯೇ ಇನ್ನೊಂದು ನಿಯಮ. ಗಂಡಾಗಲಿ ಹೆಣ್ಣಾಗಲಿ ಕೂಸಿಗೆ ಮೊಲೆಯೂಡುತ್ತಿರುವ ತಾಯಿ, ಅಳುವ ಅದನ್ನು ಕೆಳಗಿಟ್ಟು ಬಂದು ಅನ್ನಪಾನಗಳನ್ನು ತಂದುಕೊಟ್ಟರೆ ಆ ಆಹಾರ ಸಂಯತರಿಗೆ ಅಕಲ್ಪ್ಯ, ಇದು ನನಗೆ ಸಲ್ಲದೆಂದು ಹೇಳಿ ಮುನಿಯು ಹಿಂದಿರುಗಬೇಕು.

ದಿಗಂಬರ ಸಂಪ್ರದಾಯದಲ್ಲಿಯೂ ಇದೇ ಮಾತಿದೆ. ವಟ್ಟಕೇರಾಚಾರ್ಯರದೆಂದು ಪ್ರಸಿದ್ಧವಾದ ಮೂಲಾಚಾರದ ಪಿಂಡಶುದ್ಧಿ ಅಧಿಕಾರದಲ್ಲಿ ದಾಯಕದೋಷಗಳನ್ನು ಹೇಳುವಾಗ, ಮೊಲೆಯುಣ್ಣುವ ಮಗುವನ್ನು ಇಳಿಸಿಟ್ಟು ಬಂದು ಕೊಡುವ ದಾನವನ್ನೂ ಸೇರಿಸಲಾಗಿದೆ. ಎರಡು ಪರಂಪರೆಗಳು ಅನೇಕ ವಿಷಯಗಳಲ್ಲಿ ಭಿನ್ನವಾಗಿದ್ದರೂ ಕೂಸಿನ ಈ ಹಕ್ಕಿನ ವಿಷಯದಲ್ಲಿ ಏಕವಾಕ್ಯತೆಯಿರುವುದನ್ನು ನೋಡಿದರೆ ನಿಯಮವು ಅತಿ ಪ್ರಾಚೀನವಾದುದೆಂದು ಊಹಿಸಲು ಅವಕಾಶವಿದೆ. ಪ್ರಸಂಗವಶಾತ್ ಒಂದು ಲಿಪಿವಿಷಯ. ಪ್ರಾಕೃತದ 'ಥಣ' ಸ್ತನವಾಚಕ, 'ಧಣ' ಧನವಾಚಕ. ಕನ್ನಡ ಲಿಪಿಯಲ್ಲಿ ಥಕಾರ ಧಕಾರಗಳ ನಡುವಣ ಅಂತರ ಒಂದು ಬಿಂದು ಮಾತ್ರ. ಓಲೆಗರಿಯ ಮೇಲೆ ಕಂಠದಿಂದ ಕೊರೆಯುವಾಗ ಬಿಂದುವನ್ನು ಬಿಡುವುದು ಸಾಮಾನ್ಯ, ಇದ್ದುದೂ ಮಸಿ ಹಿಡಿಯದೆ ಮಾಸಿಹೋಗಬಹುದು. ದಾನಪ್ರಕರಣದಲ್ಲಿ ಧನದ ಮಾತೂ ಹೊಂದಿಕೊಳ್ಳುವಂತೆ ತೋರುವುದರಿಂದ ಇಂತಹ ಸ್ಥಳಗಳಲ್ಲಿ ಪ್ರತಿಗಳನ್ನು ಓದುವವರು ವಿಶೇಷ ಜಾಗರೂಕತೆ ವಹಿಸಬೇಕಾಗುತ್ತದೆ.

ದಶವೈಕಾಲಿಕದ ಹಳೆಯ ವ್ಯಾಖ್ಯಾನಗಳು ಈ ನಿಯಮವನ್ನು ಇನ್ನಷ್ಟು ಸೂಕ್ಷ್ಮವಾಗಿ ಬಿಡಿಸುತ್ತವೆ. ಹರಿಭದ್ರಸೂರಿಗಳ ಟೀಕೆಯಲ್ಲಿ ಉದ್ಧೃತವಾದ ವೃದ್ಧಸಂಪ್ರದಾಯದಂತೆ ಮಕ್ಕಳಲ್ಲಿ ಎರಡು ಬಗೆ: ಹಾಲನ್ನೇ ನಂಬಿ ಬದುಕುವ ಸ್ತನ್ಯಜೀವಿ ಮತ್ತು ಅನ್ನವನ್ನೂ ತಿನ್ನುವ ಮಗು. ಗಚ್ಛವಾಸಿಗಳಾದ ಮುನಿಗಳು, ಮೊಲೆಯುಣ್ಣುತ್ತಿದ್ದ ಸ್ತನ್ಯಜೀವಿಯನ್ನು ಬಿಡಿಸಿ ಇಳಿಸಿದ್ದರೆ, ಅದು ಅಳಲಿ ಅಳದಿರಲಿ, ಭಿಕ್ಷೆಯನ್ನು ಸ್ವೀಕರಿಸುವುದಿಲ್ಲ. ಅನ್ನ ತಿನ್ನುವ ಮಗುವಾದರೆ ಅಳದಿದ್ದಾಗ ಸ್ವೀಕರಿಸುತ್ತಾರೆ, ಅತ್ತರೆ ಇಲ್ಲ. ಗಚ್ಛವನ್ನು ತೊರೆದು ಕಠಿನತರ ಚರ್ಯೆಯಲ್ಲಿರುವವರು, ಮಗು ಸ್ತನ್ಯಜೀವಿಯಾಗಿರುವಷ್ಟು ಕಾಲ, ಅದು ಆಗ ಹಾಲು ಕುಡಿಯುತ್ತಿರಲಿ ಇಲ್ಲದಿರಲಿ, ಆ ತಾಯಿಯ ಕೈಯಿಂದ ಏನನ್ನೂ ಕೊಳ್ಳುವುದಿಲ್ಲ. ಆಗ ಶಿಷ್ಯನು ಕೇಳುತ್ತಾನೆ, ಇದರಲ್ಲಿ ದೋಷವೇನು ಎಂದು. ಗುರುವಿನ ಉತ್ತರದಲ್ಲಿ ತತ್ತ್ವದ ಭಾರವಿಲ್ಲ, ಕಣ್ಣಿಗೆ ಕಂಡ ಸಂಗತಿಗಳಿವೆ. ಕೆಳಗಿಡುವಾಗ, ಗಡುಸಾದ ಕೈಗಳಿಂದ ಮತ್ತೆ ಎತ್ತುವಾಗ, ಇನ್ನೂ ಗಟ್ಟಿಗೊಳ್ಳದ ಆ ಮೈಗೆ ನೋವಾಗುತ್ತದೆ. ಬೆಕ್ಕು ಮೊದಲಾದವು ಬಂದು ಎಳೆದೊಯ್ಯಬಹುದು.

ದಾನವನ್ನು ಕೊಡುವವಳು ಭಕ್ತಿಯಿಂದಲೇ ಕೊಡುತ್ತಾಳೆ. ಕೂಸನ್ನು ಇಳಿಸಿ ಮುನಿಯ ಕಡೆಗೆ ಓಡುವುದು ಅವಳ ಮಟ್ಟಿಗೆ ಪುಣ್ಯಕಾರ್ಯ. ಆ ಪುಣ್ಯಕ್ಕಿಂತ ಕೂಸಿನ ಹಸಿವು ಹೆಚ್ಚಿನದೆಂದು ನಿರ್ಣಯಿಸುವ ಹೊಣೆಯನ್ನು ಸೂತ್ರವು ತಾಯಿಗೆ ಬಿಡದೆ ಮುನಿಗೆ ಹೊರಿಸಿದೆ. ಉಪವಾಸವಿರಬೇಕಾದವನು ಮುನಿ.

ಈ ನಿಯಮಕ್ಕೆ ಪೂರಕವಾಗಿ, ಆದರೆ ವಿರುದ್ಧ ದಿಕ್ಕಿನಿಂದ ಬರುವುದು ಧಾತ್ರೀಪಿಂಡದ ನಿಷೇಧ. ಉತ್ಪಾದನದೋಷಗಳು ಹದಿನಾರರಲ್ಲಿ ಇದೇ ಮೊದಲನೆಯದು. ಮೂಲಾಚಾರದಲ್ಲಿಯೂ ಪಿಂಡನಿರ್ಯುಕ್ತಿಯಲ್ಲಿಯೂ ಇದಿದೆ. ದಾದಿಯ ಕೆಲಸವನ್ನು ತಾನು ಮಾಡಿ ಅಥವಾ ಮಾಡಿಸಿ ಅಥವಾ ಅದರ ಬಗ್ಗೆ ಸಲಹೆ ಕೊಟ್ಟು ಆಹಾರವನ್ನು ಗಿಟ್ಟಿಸುವುದು ದೋಷ. ಪಿಂಡನಿರ್ಯುಕ್ತಿ ಇದಕ್ಕೆ ಕೊಡುವ ದೃಷ್ಟಾಂತಗಳು ಸ್ವಾರಸ್ಯವಾಗಿವೆ. ಮುನಿಯೊಬ್ಬನು ಶ್ರಾವಿಕೆಯ ಮನೆಗೆ ಹೋದಾಗ ಮಗು ಅಳುತ್ತಿದೆ. ಹಾಲೇ ಆಹಾರವಾದ ಮಗು ಅಳುತ್ತಿದೆ, ಮೊದಲು ಅದಕ್ಕೆ ಮೊಲೆ ಕೊಡು, ನನಗೆ ಆಮೇಲೆ ಕೊಡಬಹುದು, ಬೇಕಿದ್ದರೆ ಮತ್ತೊಮ್ಮೆ ಬರುತ್ತೇನೆ ಎನ್ನುತ್ತಾನೆ ಆತ. ಕಡೆಗಣಿಸದೆ ಬೆಳೆಸಿದ ಮಗು ಬುದ್ಧಿವಂತನೂ ನಿರೋಗಿಯೂ ದೀರ್ಘಾಯುವೂ ಆಗುತ್ತಾನೆಂದು ಸೇರಿಸುತ್ತಾನೆ. ಮಾತೆಲ್ಲ ಸತ್ಯ, ಹಿತವೂ ಹೌದು. ಆದರೂ ಅದು ದೋಷ, ಏಕೆಂದರೆ ತಾಯಿಯ ಮನಸ್ಸನ್ನು ಗೆದ್ದು ಒಳ್ಳೆಯ ಭಿಕ್ಷೆ ಪಡೆಯುವುದಕ್ಕೆ ಆ ಮಾತು ಸಾಧನವಾಗಿದೆ. ಇನ್ನೊಂದು ದೃಷ್ಟಾಂತದಲ್ಲಿ ಮುನಿಯು ಮನೆಯೊಂದರಲ್ಲಿ ಹಳೆಯ ದಾದಿಯನ್ನು ತೆಗೆಸಿ ಬೇರೊಬ್ಬಳನ್ನು ಇರಿಸಲು ಹೊರಟು, ದಾದಿಯರ ಗುಣದೋಷಗಳನ್ನು ವಿವರಿಸುತ್ತಾನೆ. ಮುದುಕಿಯ ಹಾಲಿನಲ್ಲಿ ಸತ್ತ್ವವಿಲ್ಲ, ದಪ್ಪ ಮೊಲೆಯವಳ ಹಾಲುಂಡ ಮಗುವಿಗೆ ಮೂಗು ಚಪ್ಪಟೆಯಾಗುತ್ತದೆ ಎಂದು ಮುಂತಾಗಿ.

ಜೋಲುಮೊಲೆ ಮಗುವಿನ ಮೂಗುಬಾಯಿಗಳನ್ನು ಮುಚ್ಚಿ ಕೊಲ್ಲಲೂಬಹುದೆಂದು ಸುಶ್ರುತನು ಧಾತ್ರೀಪರೀಕ್ಷೆಯಲ್ಲಿ ಹೇಳುವುದನ್ನು ಇದರೊಡನೆ ಹೋಲಿಸಬಹುದು. ಮೂಗಿನ ಆಕಾರದ ಮಾತಿಗೆ ಆಧಾರವಿಲ್ಲ, ಉಸಿರು ಕಟ್ಟುವ ಅಪಾಯದ ಮಾತು ಇಂದಿಗೂ ನಿಜ. ಇಲ್ಲಿ ಮುಖ್ಯವಾದುದು ಬೇರೆ. ಕೌಮಾರಭೃತ್ಯದ ಜನಜನಿತ ಜ್ಞಾನವು ಜೈನ ಆಗಮದಲ್ಲಿ ಉಳಿದುಬಂದಿರುವುದು ಅದನ್ನು ಬಳಸಬಾರದೆಂಬ ನಿಷೇಧದ ಒಳಗೆ. ಯಾವುದನ್ನು ಹೇಳಬಾರದೋ ಅದನ್ನು ತಿಳಿಸಲು ನಿರ್ಯುಕ್ತಿಕಾರರು ಅದನ್ನೆಲ್ಲ ಹೇಳಬೇಕಾಯಿತು. ವೈದ್ಯದ ಇತಿಹಾಸವನ್ನು ಬರೆಯುವವರು ಪಿಂಡಪ್ರಕರಣಗಳನ್ನು ಸಾಮಾನ್ಯವಾಗಿ ತೆರೆದು ನೋಡುವುದಿಲ್ಲ. ನೋಡುವುದು ಲಾಭಕರ.

ಆಗಮದ ಕಥಾಭಾಗದಲ್ಲಿ ಹಾಲಿನ ವಿಷಯ ಇನ್ನೊಂದು ಬಗೆಯಲ್ಲಿ ಬರುತ್ತದೆ. ಅಂತಕೃದ್ದಶಾದ ಮೂರನೆಯ ವರ್ಗದಲ್ಲಿ, ಗಜಸುಕುಮಾರನ ಅಧ್ಯಯನದಲ್ಲಿ, ದೇವಕಿಯ ಮನೆಗೆ ಒಂದೇ ರೂಪಿನ ಆರು ಮುನಿಗಳು ಇಬ್ಬಿಬ್ಬರಾಗಿ ಮೂರು ಸಲ ಭಿಕ್ಷೆಗೆ ಬರುತ್ತಾರೆ. ಅವರು ತನ್ನ ಮಕ್ಕಳೇ ಎಂದು ಭಗವಾನ್ ಅರಿಷ್ಟನೇಮಿಯಿಂದ ತಿಳಿದು ಅವಳು ಅವರನ್ನು ನೋಡಲು ಹೋಗುತ್ತಾಳೆ. ನೋಡಿದೊಡನೆ ಅವಳ ಎದೆಯಲ್ಲಿ ಹಾಲು ಚಿಮ್ಮುತ್ತದೆ, ಕುಪ್ಪಸ ಬಿರಿಯುತ್ತದೆ. ಮನೆಗೆ ಬಂದ ಮೇಲೆ ಅವಳ ಚಿಂತೆ ಒಂದೇ. ಏಳು ಮಕ್ಕಳನ್ನು ಹೆತ್ತೆ, ಒಬ್ಬನ ಶೈಶವವನ್ನೂ ಅನುಭವಿಸಲಿಲ್ಲ. ತಮ್ಮ ಹೊಟ್ಟೆಯ ಕೂಸುಗಳಿಗೆ ಹಾಲೂಡಿ ಅವುಗಳ ತೊದಲು ಕೇಳುವ ತಾಯಂದಿರೇ ಧನ್ಯರು. ಭಗವತೀಸೂತ್ರದ ಒಂಬತ್ತನೆಯ ಶತಕದ ಮೂವತ್ತಮೂರನೆಯ ಉದ್ದೇಶಕದಲ್ಲಿ ಮಹಾವೀರರನ್ನು ಕಂಡ ದೇವಾನಂದೆಗೂ ಹೀಗೆಯೇ ಆಗುತ್ತದೆ. ಎರಡೂ ಕಡೆ ಬಳಕೆಯಾಗಿರುವ 'ಆಗಯಪಣ್ಹಯಾ' ಎಂಬ ಪದಕ್ಕೆ ಆಗತಪ್ರಸ್ನವಾ, ಎಂದರೆ ಹಾಲು ಒಸರಿ ಬಂದವಳು ಎಂದು ಅರ್ಥ. ಗರ್ಭಾಪಹರಣವನ್ನು ಒಪ್ಪದ ದಿಗಂಬರ ಪರಂಪರೆಯಲ್ಲಿ ದೇವಾನಂದೆಯ ಪ್ರಸಂಗಕ್ಕೆ ಸ್ಥಾನವಿಲ್ಲದಿರುವುದು ಸಹಜ. ಪದದ ಮಹತ್ತ್ವ ಅದರಿಂದ ಕಡಿಮೆಯಾಗದು.

ಇದನ್ನು ಕೇವಲ ಕವಿಸಮಯವೆಂದು ತಳ್ಳುವವರು ಸುಶ್ರುತನ ನಿದಾನಸ್ಥಾನದ ಹತ್ತನೆಯ ಅಧ್ಯಾಯವನ್ನು ನೋಡಬೇಕು. ಮಗುವಿನ ಸ್ಪರ್ಶದಿಂದ, ದರ್ಶನದಿಂದ, ಸ್ಮರಣೆಯಿಂದ, ಅದು ಮೈ ಹಿಡಿಯುವುದರಿಂದ ಹಾಲು ಹರಿಯುತ್ತದೆ; ಎಡೆಬಿಡದ ಸ್ನೇಹವೇ ಹಾಲು ಸುರಿಯಲು ಕಾರಣ ಎಂದು ಆತ ಹೇಳುತ್ತಾನೆ. ಕೋಪ, ಶೋಕ, ವಾತ್ಸಲ್ಯದ ಅಭಾವಗಳಿಂದ ಹಾಲು ಬತ್ತುತ್ತದೆಂಬುದನ್ನೂ ಶಾರೀರಸ್ಥಾನದಲ್ಲಿ ಹೇಳಿದ್ದಾನೆ. ಮಗುವಿನ ಅಳು ಕೇಳಿದರೂ ಅದನ್ನು ನೆನೆದರೂ ತಾಯಿಯ ಮೆದುಳಿನಿಂದ ಆಕ್ಸಿಟೋಸಿನ್ ಎಂಬ ರಸ ಬಿಡುಗಡೆಯಾಗಿ ಹಾಲು ಇಳಿಯುತ್ತದೆ, ಭಯ ಮತ್ತು ಉದ್ವೇಗಗಳು ಅದನ್ನು ತಡೆಯುತ್ತವೆ ಎಂಬುದು ಇಂದಿನ ಶರೀರಕ್ರಿಯಾಶಾಸ್ತ್ರದ ನಿರ್ಣಯ. ಮೊದಲ ದಿನಗಳಲ್ಲಿ ಮಗುವನ್ನು ಮೊಲೆಯಿಂದ ದೂರವಿರಿಸಿದರೆ ಮುಂದೆ ಹಾಲು ಕಡಿಮೆಯಾಗುವುದಕ್ಕೂ ಇದೇ ಮೂಲ. ಮಗು ಚೀಪಿದಷ್ಟೂ ಹಾಲು ಬರುತ್ತದೆ. ಹಾಲಿಲ್ಲವೆಂದು ಮಗುವನ್ನು ತಡೆದರೆ, ತಡೆದುದರಿಂದಲೇ ಹಾಲಿಲ್ಲದಂತಾಗುತ್ತದೆ.

ಇನ್ನು ಜೈನ ವೈದ್ಯಗ್ರಂಥಗಳ ಮಾತು. ಉಗ್ರಾದಿತ್ಯಾಚಾರ್ಯರ ಸಂಸ್ಕೃತ ಕಲ್ಯಾಣಕಾರಕವು 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಸೋಲಾಪುರದಿಂದ ಪ್ರಕಟವಾಯಿತು. ಕನ್ನಡದಲ್ಲಿ ಪೂಜ್ಯಪಾದರ ಕಲ್ಯಾಣಕಾರಕವನ್ನು ಅನುಸರಿಸಿ ಜಗದ್ದಳ ಸೋಮನಾಥನು ಬರೆದ ಕರ್ಣಾಟಕ ಕಲ್ಯಾಣಕಾರಕವಿದೆ, ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆಯಿದೆ. ಎರಡನೆಯದರ ಹೆಸರೇ ಸೂಚಿಸುವಂತೆ ಅದು ಶಿಶುಗಳ ಬಾಧೆಗಳಿಗೇ ಮೀಸಲಾದುದು. ಕೌಮಾರಭೃತ್ಯಕ್ಕೆ ಆಕರವೆನಿಸಿದ ಕಾಶ್ಯಪಸಂಹಿತೆ ನೇಪಾಳದ ಒಂದು ಖಂಡಿತ ತಾಳೆಯೋಲೆಯ ಪ್ರತಿಯಿಂದ 1938ರಲ್ಲಿ ಬೆಳಕಿಗೆ ಬಂದಿತಾದರೂ ಅದರ ಆದಿಭಾಗದ ಗರಿಗಳು ನಷ್ಟವಾಗಿವೆ. ಒಂದೇ ಪ್ರತಿಯ ಮೇಲೆ ನಿಂತ ಶಾಸ್ತ್ರದ ಗತಿ ಇದು.

ಜೈನ ಪರಂಪರೆಗೆ ಆದ ನಷ್ಟ ಇದಕ್ಕಿಂತ ದೊಡ್ಡದು. ತಮಗೆ ಮುಂಚಿನ ವೈದ್ಯಾಚಾರ್ಯರನ್ನು ಸ್ಮರಿಸುವಾಗ ಉಗ್ರಾದಿತ್ಯರು ಶಾಲಾಕ್ಯಕ್ಕೆ ಪೂಜ್ಯಪಾದರನ್ನೂ ಶಲ್ಯತಂತ್ರಕ್ಕೆ ಪಾತ್ರಸ್ವಾಮಿಯನ್ನೂ ವಿಷ ಮತ್ತು ಉಗ್ರಗ್ರಹಗಳ ಶಮನಕ್ಕೆ ಸಿದ್ಧಸೇನರನ್ನೂ ಕಾಯಚಿಕಿತ್ಸೆಗೆ ದಶರಥಗುರುವನ್ನೂ ಹೆಸರಿಸಿ, ಶಿಶುಗಳ ವೈದ್ಯಕ್ಕೆ ಮೇಘನಾದರನ್ನು ಹೆಸರಿಸುತ್ತಾರೆ. ಮೇಘನಾದರ ಆ ಶಿಶುವೈದ್ಯ ಇಂದು ಉಪಲಬ್ಧವಿಲ್ಲ. ಸದ್ಯೋಜಾತನ ಮೊದಲ ಆಹಾರದ ಬಗ್ಗೆ ಜೈನ ವೈದ್ಯರ ನೇರವಾದ ಮಾತು ಇರಬೇಕಾದ ಸ್ಥಳ ಅದೇ. ಬಸದಿ ಮಠಗಳ ಭಂಡಾರಗಳಲ್ಲಿ ಆದ್ಯಂತಗಳಿಲ್ಲದೆ, ಕರ್ತೃವಿನ ಹೆಸರಿಲ್ಲದೆ, ಬೇರೆ ಗ್ರಂಥದ ಕಟ್ಟಿನ ಕೊನೆಯಲ್ಲಿ ಸೇರಿಕೊಂಡ ವೈದ್ಯದ ಗರಿಗಳು ಸೂಚಿಗಳಲ್ಲಿ 'ವೈದ್ಯವಿಷಯ, ಅಸಮಗ್ರ' ಎಂಬ ಎರಡೇ ಮಾತಿನಲ್ಲಿ ಮುಗಿದುಹೋಗುತ್ತವೆ. ಅಂತಹ ಗರಿಗಳನ್ನು ಬಿಚ್ಚಿ ಓದುವವರು ಧಾತ್ರೀ, ಸ್ತನ್ಯ, ಲೇಹ, ಅನಂತಾ, ಲಕ್ಷ್ಮಣಾ ಎಂಬ ಪದಗಳು ಹತ್ತಿರ ಹತ್ತಿರ ಬಂದ ಕಡೆ ನಿಂತು ನೋಡಬೇಕು. ಅಲ್ಲಿ ತುಪ್ಪವಿದ್ದು ಜೇನಿಲ್ಲದಿದ್ದರೆ ಇನ್ನೂ ಒಂದು ಸಲ ನೋಡಬೇಕು.